ಏನು ಮಾಡಲೂ ಸಿದ್ಧ

ಧಾರವಾಡ, ಫೆಬ್ರವರಿ ೩೦, ೨೧೦೩

ಇನ್ನೂ ಯುನಿವರ್ಸಿಟಿಯಲ್ಲಿ ಓದುತ್ತಿರುವ ನನ್ನ ಮುತ್ತಜ್ಜ ಮುತ್ತಜ್ಜಿಯರಿಗೆ ಈರವ್ವ ತಡಕೋಡ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಕೆಲಸದ ಅರ್ಜಿಗಳ ರಾಶಿ ಮುಗಿಯದೆ ನಮ್ಮವರು ಈ ತಿಂಗಳಿಗೆ ಎರಡು ದಿನ ಅಂಟಿಸಿದ್ದಾರೆ. ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ. ಅಕ್ಷರ ಸೊಟ್ಟಗಿದ್ದರೂ ಕ್ಷಮಿಸಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪ್ರೊಫೈಲನ್ನು ಯಾರೋ ಅಪರಿಚಿತರು ನೋಡಿದ್ದಾರೆಂದು ಉದ್ಯೋಗದ ವೆಬ್‌ಸೈಟ್ ಆಗಾಗ ಹೇಳುತ್ತದಲ್ಲ, ಅದು ನಾನೇ. ನಿಮ್ಮ ಹಳೆಯ ಅರ್ಜಿಗಳೆಲ್ಲ ನಮ್ಮಲ್ಲಿವೆ. ಆ ವೆಬ್‌ಸೈಟಿನ ದಾರಿಯಲ್ಲೇ ಈ ಪತ್ರವನ್ನೂ ತೂರಿಸುತ್ತಿದ್ದೇನೆ.

ನಮ್ಮಲ್ಲಿ ಕೆಲಸ ಸಿಗುವುದು ಹುದ್ದೆಗಾಳಗದಿಂದ. ಅಂದರೆ, ಡಿಗ್ರಿ ಮುಗಿಸಿದವರು ವೆಬ್‌ಸೈಟಿಗೆ ಅರ್ಜಿ ಹಾಕುತ್ತಾರೆ; ಓದುಗಣ್ಣು ಎಂಬ ಯಂತ್ರ ಅವನ್ನೆಲ್ಲ ಓದಿ ಇಬ್ಬರನ್ನು ಆರಿಸುತ್ತದೆ; ಆ ಇಬ್ಬರೂ ಕೆಮ್ಮಣ್ಣಿನ ಕಣಕ್ಕಿಳಿದು, ಒಬ್ಬರು ಮೇಲೇಳದಂತಾಗುವವರೆಗೆ ಹೊಡೆದಾಡುತ್ತಾರೆ. ಕೈಗೆ ಮೊಳದುದ್ದದ ಕಬ್ಬಿಣದ ಸಲಾಕೆ ಕೊಡುತ್ತಾರೆ. ಸಪ್ತಾಪುರದಲ್ಲಿ ನಿಮ್ಮ ಕಾಲದ ಕೋಚಿಂಗ್ ಸೆಂಟರುಗಳೆಲ್ಲ ಈಗ ಗರಡಿಮನೆಗಳು. ಹುಡುಗಿಯರು ಗಿರ್ಮಿಟ್ ತಿಂದು, ಚಹಾ ಕುಡಿದು, ತಲೆ ಒಡೆಯುವುದನ್ನು ಕಲಿಯಲು ಹೋಗುತ್ತಾರೆ. ಪಕ್ಕದಲ್ಲೇ ಹಲ್ಲು ಕಟ್ಟಿಕೊಡುವ ಅಂಗಡಿಗಳಿಗೆ ಭರ್ಜರಿ ವ್ಯಾಪಾರ. ಗೆದ್ದವರಿಗೂ ನೆಮ್ಮದಿಯಿಲ್ಲ, ಕುರ್ಚಿ ಉಳಿಸಿಕೊಳ್ಳಲು ವರ್ಷಕ್ಕೊಮ್ಮೆ ಮತ್ತೆ ಇಳಿಯಬೇಕು.

ನಾನು ಇಳಿದದ್ದು ಹೋದ ವರ್ಷ, ನೀರಿನ ಕಚೇರಿಯ ಗುಮಾಸ್ತೆ ಕೆಲಸಕ್ಕೆ. ನಲ್ಲಿ ಸೋರುತ್ತದೆ ಎಂಬ ದೂರು ಬರೆದುಕೊಳ್ಳುವ ಕೆಲಸ ರೀ ಅದು, ರಾಜ್ಯ ಆಳುವುದಲ್ಲ! ಎದುರಿಗೆ ನಿಂತವಳು ಫಕೀರವ್ವ, ಹಾಸ್ಟೆಲಿನಲ್ಲಿ ಐದು ವರ್ಷ ನನ್ನ ಜೊತೆ ಒಂದೇ ತಾಟಿನಲ್ಲಿ ಉಂಡ ಗೆಳತಿ. ಇಬ್ಬರೂ ಕೈ ಎತ್ತುವುದಿಲ್ಲವೆಂದು ಆಣೆ ಮಾಡಿಕೊಂಡಿದ್ದೆವು. ಕೊಂಬು ಊದಿದ್ದೇ ತಡ, ಖೋಡಿ ನನ್ನ ಬಲ ಮೊಣಕೈ ಮೇಲೆ ಸಲಾಕೆ ಇಳಿಸಿಯೇಬಿಟ್ಟಳು. ಎಲುಬು ಚರ್ಮ ಸೀಳಿ ಹೊರಬಂತು. “ತಪ್ಪ ತಿಳ್ಕೋಬ್ಯಾಡ ಈರಿ, ಮನ್ಯಾಗ ಅವ್ವ ಅದಾಳ” ಎಂದು ಅಳುತ್ತಲೇ ನನ್ನ ಬೆರಳುಗಳನ್ನು ಒಂದೊಂದಾಗಿ ಜಜ್ಜಿದಳು. ಅವಳ ಕಣ್ಣೀರು ನನ್ನ ಮುಖದ ಮೇಲೆ ಬೀಳುತ್ತಿತ್ತು. ಎಚ್ಚರ ತಪ್ಪಿದ ನನ್ನನ್ನು ಸತ್ತಳೆಂದು ಬಿಟ್ಟದ್ದರಿಂದ ಉಳಿದೆ. ಆ ಸಿಟ್ಟು ಇನ್ನೂ ಆರಿಲ್ಲ.

ನಾಳೆ ಅವಳು ಕುರ್ಚಿ ಉಳಿಸಿಕೊಳ್ಳಲು ಇಳಿಯುತ್ತಾಳೆ. ಓದುಗಣ್ಣು ಅವಳೆದುರು ಆರಿಸಿರುವುದು ನನ್ನ ತಂಗಿ ಚನ್ನಿಯನ್ನು. ಕಡ್ಡಿಯಂಥ ಹುಡುಗಿ. ಕರೆ ಬಂದ ಮೇಲೆ ಒಲ್ಲೆ ಎನ್ನುವಂತಿಲ್ಲ, ಮನೆಗೇ ಬಂದು ಎಳೆದೊಯ್ಯುತ್ತಾರೆ. ಬೆಳಿಗ್ಗೆಯಿಂದ ನನ್ನ ಬೆನ್ನು ಹತ್ತಿದ್ದಾಳೆ: “ಅಕ್ಕಾ, ಆಕಿ ಕೂಡ ಐದ್ ವರ್ಷ ಇದ್ದಿ. ಎಲ್ಲಿ ಪೆಟ್ಟು ಬಿದ್ರ ಆಕಿ ತಡ್ಕೊಳ್ಳಂಗಿಲ್ಲ, ಹೇಳು.” ನನಗೆ ಗೊತ್ತು. ಹಾಸ್ಟೆಲಿನ ಮೆಟ್ಟಿಲಿಂದ ಬಿದ್ದು ಫಕೀರವ್ವಳ ಎಡ ಮಂಡಿ ಜರುಗಿದಾಗ ಎಣ್ಣೆ ತಿಕ್ಕಿದವಳು ನಾನೇ. ಅಲ್ಲೊಂದು ಏಟು ಬಿದ್ದರೆ ಕುಸಿಯುತ್ತಾಳೆ. ಕುಸಿದವರನ್ನು ಏನು ಮಾಡಬೇಕೆಂದು ಚನ್ನಿಗೆ ಗರಡಿಯಲ್ಲಿ ಕಲಿಸಿದ್ದಾರೆ. ಹೇಳಿದರೆ ಗೆಳತಿ ಸಾಯುತ್ತಾಳೆ, ಹೇಳದಿದ್ದರೆ ತಂಗಿ. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಈ ಹುಚ್ಚು ಎಲ್ಲಿಂದ ಬಂತೆಂದು ಹುಡುಕಿದೆ. ನಿಮ್ಮಿಂದಲೇ ಬಂತು, ಪುಣ್ಯಾತ್ಮರೇ! ಅರ್ಜಿ ಬರೆಯಲು ಬೇಜಾರೆಂದು ಯಾವುದೋ ವೆಬ್‌ಸೈಟಿನ ಮಾದರಿ ಅರ್ಜಿ ಇಳಿಸಿಕೊಂಡು, ಹೆಸರೊಂದನ್ನು ಬದಲಿಸಿ ಕಳುಹಿಸಿದಿರಿ. ಅದರ ಕೊನೆಯಲ್ಲೊಂದು ಸಾಲಿತ್ತು: ‘ಈ ಕೆಲಸಕ್ಕಾಗಿ ನಾನು ಏನು ಮಾಡಲೂ ಸಿದ್ಧ.’ ನಿಮ್ಮಲ್ಲಿ ಯಾರೂ ಅದನ್ನು ಓದಿ ನೋಡಲಿಲ್ಲ. ಕೋಟಿಗಟ್ಟಲೆ ಅರ್ಜಿಗಳಲ್ಲಿ ಅದನ್ನೇ ಓದಿ ಬೆಳೆದ ಓದುಗಣ್ಣು ನಂಬಿಬಿಟ್ಟಿತು. ಸಿದ್ಧರಿದ್ದೀರಲ್ಲ, ಮಾಡಿ ತೋರಿಸಿ ಎಂದಿತು. ಈಗ ನಮ್ಮ ಅರ್ಜಿಗಳಲ್ಲಿ ಆ ಸಾಲು ಅಚ್ಚಾಗಿಯೇ ಬರುತ್ತದೆ, ಅಳಿಸಲು ಬಿಡುವುದಿಲ್ಲ.

ನೀವು ಅಳಿಸಬಹುದು. ಇವತ್ತೇ ನಿಮ್ಮ ಅರ್ಜಿ ತೆರೆಯಿರಿ, ಆ ಸಾಲು ತೆಗೆಯಿರಿ, ಗೆಳೆಯರಿಂದಲೂ ತೆಗೆಸಿರಿ. ಅದರ ಜಾಗದಲ್ಲಿ, ಕೆಲಸ ಸಿಗದಿದ್ದರೂ ನೀವು ಮಾಡಲಾರದ್ದು ಯಾವುದೆಂದು ಬರೆಯಿರಿ. ಓದುಗಣ್ಣು ಅದನ್ನೂ ಓದಲಿ, ನಮ್ಮ ಕಣ ಹುಟ್ಟದೇ ಹೋಗಲಿ.

ಚನ್ನಿ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಮಂಡಿಯ ವಿಷಯ ಅವಳಿಗಿನ್ನೂ ಹೇಳಿಲ್ಲ. ನಾಳೆ ಕೊಂಬು ಊದುವವರೆಗೆ ನಿಮ್ಮನ್ನು ಕಾಯುತ್ತೇನೆ. ಆಗಲೂ ಕಣ ಅಲ್ಲೇ ಇದ್ದರೆ, ಎಡ ಮಂಡಿ ಎಂದು ಕೂಗುತ್ತೇನೆ.

ನಿಮ್ಮ ಮರಿಮಗಳು,
ಈರವ್ವ