ಮೊದಲ ಪೆಟ್ಟಿಗಿಂತ ಮೊದಲು

ಕಾಲಿ ನಗರ
ಅಕ್ಟೋಬರ್, ಶುಕ್ರವಾರ

ಎವೆಲಿಯೊ,

ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬರುವವರು ನೆಂಟರು, ಮನೆಯವರು ಅದಕ್ಕೂ ಮುಂಚೆ ಬಂದಿರುತ್ತಾರೆ — ಹೀಗೆ ಹೇಳಿದ್ದು ನೀನೋ ನಿನ್ನ ಅಕ್ಕನೋ, ಈಗ ನೆನಪಾಗುತ್ತಿಲ್ಲ. ಬೇಸ್ ಗಿಟಾರಿನ ಬಗ್ಗೆ ಹೇಳಿದ್ದು ಎಂಬುದು ಮಾತ್ರ ಖಂಡಿತ. ನೀನು ಕಳಿಸಿದ ಧ್ವನಿಮುದ್ರಣವನ್ನು ಮಿಡಿ ಎಂಬ ಕಂಪ್ಯೂಟರ್ ಸ್ವರಲಿಪಿಗೆ ಇಳಿಸುವಾಗ ಆ ಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಯಾವ ಸ್ವರ, ಯಾವಾಗ, ಎಷ್ಟು ಬಲವಾಗಿ — ಇಷ್ಟನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಆಮೇಲೆ ಅದನ್ನು ಹಾಳೆಗೆ ಮುದ್ರಿಸಬಹುದು, ಬೇಸಿನ ದನಿಯಲ್ಲೇ ನುಡಿಸಲೂಬಹುದು. ಆದರೆ ದಪ್ಪ ತಂತಿಯ ಸ್ವರ ಅದಕ್ಕೆ ತಡವಾಗಿ ತಿಳಿಯುತ್ತದೆ. ನೀನು ಅಂಗೈ ಒತ್ತಿ ಸದ್ದಡಗಿಸಿ ಕೊಡುವ ಪೆಟ್ಟುಗಳನ್ನು ಸ್ವರಗಳೆಂದೇ ನಂಬಿ, ಹಾಳೆಯ ಮೇಲಂಚಿನಲ್ಲಿ ಹಕ್ಕಿಗಳಂತೆ ಕೂರಿಸಿತ್ತು. ಒಂದೊಂದನ್ನೇ ಅಳಿಸಿದೆ. ಹಾಡು ನಡೆಯುವುದನ್ನು ಬಿಟ್ಟು ನಿಂತುಕೊಂಡಿತು. ಒಂದೊಂದನ್ನೇ ವಾಪಸ್ ಇಟ್ಟೆ. ಮಾರ್ಚಿನಲ್ಲಿ ನೀನು ನಮ್ಮ ಮನೆ ಬಿಟ್ಟು ಬುವೆನವೆಂತುರಾಗೆ, ಅಕ್ಕನ ಹತ್ತಿರ, ಹೋದಮೇಲೆ ನಿನ್ನ ಬಲಗೈಯ ಇಷ್ಟು ಸಮೀಪ ನಾನು ಕೂತಿರಲಿಲ್ಲ.

ನಿನ್ನೆ ಅದನ್ನು ತಾಲೀಮಿಗೆ ಒಯ್ದೆ. "ನನ್ನ ಬದಲು ಇದನ್ನ ಕರ್ಕೊಂಡು ಹೋಗಿ" ಎಂದು ನೀನು ಬರೆದದ್ದನ್ನು ಲಿಯೊನೆಲ್ ತಮ್ಮ ವಾದ್ಯತಂಡಕ್ಕೆಲ್ಲ ಓದಿ ಹೇಳಿದರು. ಡಿಸೆಂಬರ್ ಉತ್ಸವಕ್ಕೆ ಬಸ್ಸಿನಲ್ಲಿ ಒಂದು ಸೀಟು ಉಳಿಯಿತೆಂದು ಅವರಿಗೆ ಖುಷಿ. ಹಾಡು ಶುರುವಾದದ್ದೇ ತಡ, ಎಲ್ಲರೂ ತಾಳ ತಪ್ಪಿ ಒಬ್ಬರನ್ನೊಬ್ಬರು ತುಳಿಯತೊಡಗಿದರು.

"ನಿಲ್ಸಿ, ನಿಲ್ಸಿ! ಏನಮ್ಮಾ ನಿದಿಯಾ, ಇದು ಬೇಸೋ, ಮೆಟ್ಲಿಂದ ಉರುಳಿಬಿದ್ದ ಬಾಳೆಕಾಯಿ ಮೂಟೆಯೋ?" ಎಂದರು ಲಿಯೊನೆಲ್.

ಕೊಂಗಾ ಬಾರಿಸುವ ವಿಲ್ಮಾರ್ ನಕ್ಕ. "ಎವೆಲಿಯೊ ಆಗಿದ್ರೆ ಇಷ್ಟೊತ್ತಿಗೆ ನಮ್ಮಮ್ಮಂದಿರನ್ನೆಲ್ಲ ನೆನೆಸ್ಕೊಂಡು ಬೈದಿರ್ತಿದ್ದ. ಈ ಪೆಟ್ಗೆಗೆ ಅಷ್ಟು ಸಂಸ್ಕಾರನೂ ಇಲ್ವಲ್ಲ, ಸಾರ್."

ತಪ್ಪು ನನಗೆ ಆಗಲೇ ತಿಳಿಯಿತು. ನೀನು ಒಂದು, ಎರಡು ಎಂದು ಎಣಿಕೆ ಹಾಕದೆ ಶುರುಮಾಡಿದ್ದೆ. ಕಂಪ್ಯೂಟರ್ ನಿನ್ನ ಮೊದಲ ಸ್ವರವನ್ನೇ ಮೊದಲ ಪೆಟ್ಟು ಎಂದುಕೊಂಡಿತು. ನಮ್ಮಲ್ಲಿ ಬೇಸ್ ಆ ಪೆಟ್ಟಿನ ಮೇಲೆ ನುಡಿಯುವುದೇ ಇಲ್ಲ. ಬರಲಿರುವುದನ್ನು ಮುಂಚೆಯೇ ಹೇಳಿ, ಅದು ಬಂದಾಗ ಸುಮ್ಮನಿರುತ್ತದೆ. ನೀನು ಮನೆಯಲ್ಲೂ ಹಾಗೆಯೇ ಇದ್ದೆ. ಇದು ದೂರಲ್ಲ.

"ಇದನ್ನ ಸರಿ ಮಾಡೋಕಾಗುತ್ತಾ?" ಎಂದು ಲಿಯೊನೆಲ್ ಕೇಳಿದರು. ಆಗುವುದಿಲ್ಲ ಎಂದೆ.

"ಹಾಗಾದ್ರೆ ಅವನನ್ನೇ ಕರಿ. ನಾನು ಕರೆದ್ರೆ ಬರಲ್ಲ ಆ ಹೇಸರಗತ್ತೆ. ಭಾನುವಾರದೊಳಗೆ ಹೂಂ ಅನ್ನದಿದ್ರೆ ಬೇರೆಯವನನ್ನ ನೋಡ್ತೀನಿ. ಆಮೇಲೆ ಆ ಜಾಗ ಅವನದಲ್ಲ."

ನೀನು ಫೋನ್ ಎತ್ತುವುದಿಲ್ಲ, ಆದ್ದರಿಂದ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ನಿಲ್ಲಬೇಕಲ್ಲ ಎಂಬುದೇ ನಿನಗೆ ತೊಡಕಾಗಿದ್ದರೆ, ನನ್ನ ಪಿಯಾನೊವನ್ನು ಆಚೆ ಬದಿಗೆ ತಳ್ಳಿಸಬಹುದು. ಅದಕ್ಕೆ ಚಕ್ರಗಳಿವೆ.

ನಿದಿಯಾ

ತಾ.ಕ.: ಸರಿ ಮಾಡಲಾಗದು ಎಂದದ್ದು ಸುಳ್ಳು. ಮನೆಗೆ ಬಂದು ಎಲ್ಲ ಸ್ವರಗಳನ್ನೂ ಒಟ್ಟಿಗೆ ಒಂದು ಪೆಟ್ಟು ಮುಂಚೆ ಬರುವಂತೆ ಸರಿಸಿದೆ, ಕ್ಷಣದ ಕೆಲಸ. ಜೊತೆಗೆ ಪಿಯಾನೊ ನುಡಿಸಿ ನೋಡಿದೆ. ಎಲ್ಲೂ ಬಿರುಕಿಲ್ಲ. ನೀನು ಬಾರದೆಯೂ ಉತ್ಸವ ನಡೆಯುತ್ತದೆ, ಬೇರೆಯವನೂ ಬೇಕಾಗಿಲ್ಲ. ಲಿಯೊನೆಲ್‌ಗೆ ಇದು ಗೊತ್ತಿಲ್ಲ. ಸರಿ ಮಾಡಿದ್ದನ್ನು ಅವರಿಗೆ ಕೊಟ್ಟುಬಿಡಲೇ, ಎವೆಲಿಯೊ?