ಇಪ್ಪತ್ತು ಹೆಜ್ಜೆ ಹಿಂದೆ

ಉರಿಮಾಸದ ಮೂವತ್ತೊಂಬತ್ತನೇ ದಿನ, ೨೧೮೭
ಹಗಲುಮನೆ, ಕೊಪ್ಪಳದ ಗುಡ್ಡದ ಅಡಿ

ನನ್ನ ಮುತ್ತಜ್ಜಿಯ ತಾಯಿ ಸುಮಂಗಲಾಗೆ ನೀಲಗಂಗವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಇದು ನಿಮ್ಮ ಪಂಚಾಂಗದಲ್ಲಿ ಇಲ್ಲದ ತಿಂಗಳು. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಲವತ್ತೊಂದು ದಿನಗಳನ್ನು ನಮ್ಮ ಅಜ್ಜಂದಿರು ತುರುಕಿದರು. ಆ ದಿನಗಳಲ್ಲಿ ಮದುವೆಯಿಲ್ಲ, ಶಾಲೆಯಿಲ್ಲ, ಕೋರ್ಟಿಲ್ಲ; ಬಿಸಿಲಿಗೆ ಹೆದರಿ ನೆಲದೊಳಗೆ ಕೂತಿರುವುದೊಂದೇ ಕೆಲಸ. ಪತ್ರದಲ್ಲಿ ಇಂಥ ವಿಚಿತ್ರ ಪದಗಳು ಇನ್ನೂ ಬರುತ್ತವೆ. ಸಿಟ್ಟಾಗಬೇಡ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಿನ್ನನ್ನು ಹೇಗೆ ಕರೆಯಬೇಕೆಂದು ಎರಡು ದಿನ ಯೋಚಿಸಿದೆ. ನಮ್ಮ ಮನೆಯಲ್ಲಿ ಉಳಿದಿರುವ ಚಿತ್ರದಲ್ಲಿ ನಿನಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಸ್ಕೂಟರಿನ ಮೇಲೆ ಕೂತಿದ್ದೀಯ, ಕಾಲ ಹತ್ತಿರ ಒಂದು ಕರಿ ನಾಯಿ ನಿಂತಿದೆ. ನನಗೆ ಅರವತ್ತೊಂಬತ್ತು. ಸಂಬಂಧದಲ್ಲಿ ನೀನು ಹಿರಿಯಳು, ವಯಸ್ಸಿನಲ್ಲಿ ನಾನು. ನಮ್ಮ ಕಡೆ ಅಜ್ಜಿಯನ್ನು ಏಕವಚನದಲ್ಲೇ ಕರೆಯುವುದರಿಂದ ಆಯಿ, ನೀನು, ಎಂದು ಬರೆದುಬಿಡುತ್ತೇನೆ. ಈ ಪತ್ರ ನಿನಗೆ ಮುಟ್ಟುತ್ತದೆ ಎಂಬ ನಂಬಿಕೆಯೂ ನನಗೆ ಅಷ್ಟಕ್ಕಷ್ಟೆ. ಹಿಂದಂಚೆ ಎಂಬ ಒಂದು ಕಿಟಕಿ ಶುರುವಾಗಿದೆ. ಕಳೆದ ಕಾಲಕ್ಕೆ ಕಾಗದ ತಲುಪಿಸುತ್ತಾರಂತೆ. ಕಿಟಕಿಯಲ್ಲಿ ಕೂತ ಹುಡುಗಿ ತುಂಬ ನಗುತ್ತಾಳೆ. ಕಾಗದವನ್ನೆಲ್ಲ ಹಿತ್ತಲ ಒಲೆಗೆ ಹಾಕುತ್ತಾಳೆಂದು ನನ್ನ ಅನುಮಾನ. ಇಲ್ಲಿಯವರೆಗೆ ಯಾರಿಗೂ ಉತ್ತರ ಬಂದದ್ದಿಲ್ಲ ನೋಡು.

ಅನುಮಾನ ನನ್ನ ಹುಟ್ಟುಗುಣ, ಆಮೇಲೆ ಅದೇ ಹೊಟ್ಟೆಪಾಡೂ ಆಯಿತು. ಬೀಜದ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಜೋಳದ ಬೀಜ ಪರೀಕ್ಷೆ ಮಾಡಿದೆ. ಅಸಲಿ ಬೀಜದ ಬಣ್ಣ, ತೂಕ, ವಾಸನೆ ಎಲ್ಲವನ್ನೂ ಹೋಲುವ ನಕಲಿ ಬೀಜ ಬರುತ್ತಿದ್ದ ಕಾಲ ಅದು. ಹಲ್ಲಿನಲ್ಲಿ ಕಡಿದು ನೋಡಿ ಹೇಳುತ್ತಿದ್ದೆ. ನನ್ನ ಕೈಯಿಂದ ಒಂದು ನಕಲಿ ಚೀಲವೂ ದಾಟಿಹೋಗಲಿಲ್ಲ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಕಡಿದು ನೋಡಲು ಬೀಜ ಇರಲಿಲ್ಲ, ಚಟ ಮಾತ್ರ ಉಳಿದಿತ್ತು.

ಮನೆಯಲ್ಲಿ ನಾವು ಮೂವರು: ನಾನು, ನನ್ನ ತಮ್ಮ ಬಾಳಪ್ಪ, ನಮ್ಮ ನಾಯಿ ಫುಟಾಣಿ. ಹುರಿದ ಕಡಲೆಯ ಬಣ್ಣ, ಹುರಿಗಡಲೆ ಎಂದರೆ ಪ್ರಾಣ, ಅದಕ್ಕೇ ಆ ಹೆಸರು. ಬಾಳಪ್ಪನ ಹೆಂಡತಿ ತೀರಿಕೊಂಡ ವರ್ಷ ತಂದ ಮರಿ ಅದು. ನಾವಿರುವುದು ಹಗಲುಮನೆಯಲ್ಲಿ, ಅಂದರೆ ಬಂಡೆ ಕೊರೆದು ನೆಲದಡಿ ಮಾಡಿದ ಓಣಿ. ಎಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಮೇಲಿನ ಬಾಗಿಲು. ವರ್ಷದಲ್ಲಿ ಎಂಟು ತಿಂಗಳು ಆ ಬಾಗಿಲು ಬೆಳಗಿನ ಜಾವ ಒಂದು ತಾಸು ಮಾತ್ರ ತೆರೆಯುತ್ತದೆ. ಆ ತಾಸಿಗೆ ತೆರಪು ಎನ್ನುತ್ತೇವೆ. ಇಡೀ ಓಣಿ ಆಗ ಕೆರೆ ಏರಿಯ ಮೇಲಿರುತ್ತದೆ. ಗಾಳಿ ಕುಡಿಯುವುದು, ಮಕ್ಕಳನ್ನು ಓಡಲು ಬಿಡುವುದು, ಬಾಣಂತಿಗೆ ಆಕಾಶ ತೋರಿಸುವುದು, ಜಗಳವಾಡಿದವರು ರಾಜಿಯಾಗುವುದು, ಎಲ್ಲವೂ ಆ ಒಂದು ತಾಸಿನಲ್ಲೇ ಆಗಬೇಕು. ಅದಕ್ಕೇ ಇಲ್ಲಿ ಯಾರಾದರೂ ನಿನ್ನ ಜೊತೆ ತೆರಪಿಗೆ ಬರುತ್ತೇನೆ ಎಂದರೆ ಅದಕ್ಕಿಂತ ದೊಡ್ಡ ಪ್ರೀತಿಯ ಮಾತಿಲ್ಲ.

ಇನ್ನು ಮುಂದುವರಿಕೆಯ ವಿಷಯ ಹೇಳದಿದ್ದರೆ ನನ್ನ ತಪ್ಪು ನಿನಗೆ ತಿಳಿಯುವುದಿಲ್ಲ. ಸಾಕಿದ ಪ್ರಾಣಿಗೆ ಇನ್ನು ಉಳಿವಿಲ್ಲ ಎಂದಾಗ, ಮನೆಯವರಲ್ಲಿ ಒಬ್ಬರು ಮುಂದುವರಿಕೆಯ ಕಚೇರಿಗೆ ಗುಟ್ಟಾಗಿ ಹೋಗಿ ಹೇಳಿದರೆ, ಅದರದೇ ರೂಪದ ಇನ್ನೊಂದನ್ನು ತಯಾರಿಸಿ ಕೊಡುತ್ತಾರೆ. ಮೈ ಬೆಚ್ಚಗಿರುತ್ತದೆ, ಉಣ್ಣುತ್ತದೆ, ಬಾಲ ಆಡಿಸುತ್ತದೆ. ಸಾಯುವುದೊಂದಿಲ್ಲ. ಮುದುಕರು, ಮಕ್ಕಳು ಅಳಬಾರದೆಂದು ಮಾಡಿಕೊಂಡ ಏರ್ಪಾಡು, ಯಾರೂ ಬಾಯಿ ಬಿಡುವಂತಿಲ್ಲ. ಪಕ್ಕದ ಮನೆಯ ಅಂಬವ್ವನ ಬೆಕ್ಕಿಗೆ ಈಗ ಮೂವತ್ತನಾಲ್ಕು ವರ್ಷ. ಇನ್ನೂ ಹಲ್ಲಿ ಹಿಡಿಯುತ್ತದೆ! ಅಂಬವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಪುಣ್ಯ ಎನ್ನುತ್ತಾಳೆ, ನಾವು ಹೌದೌದು ಎಂದು ಗೋಡೆ ನೋಡುತ್ತೇವೆ. ನಮ್ಮಲ್ಲಿ ಯಾರ ನಾಯಿಗೂ ಎಷ್ಟು ವರ್ಷ ಎಂದು ಕೇಳಬಾರದು. ಕೇಳಿದರೆ ಆ ಮನೆಯಲ್ಲಿ ಮತ್ತೆ ನಿನಗೆ ನೀರು ಸಿಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ನನ್ನ ಕಣ್ಣಿನ ಆಪರೇಷನ್ನಾಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಅದೇ ಹೊತ್ತಿಗೆ ಫುಟಾಣಿಗೆ ಕೆಟ್ಟ ಜ್ವರ. ಬಾಳಪ್ಪ ಒಬ್ಬನೇ ನೋಡಿಕೊಂಡ. ನಾನು ಮನೆಗೆ ಬಂದು, ಹೊಸ್ತಿಲಲ್ಲಿ ನಿಂತು, ಯಾವತ್ತಿನ ಹಾಗೆ "ಏ ಫುಟಾಣಿ, ಎಲ್ಲಿ ಸತ್ತೀಲೇ ಮೂಳಾ!" ಎಂದು ಕೂಗಿದೆ. ಮೊದಲಾಗಿದ್ದರೆ ಉಗುರು ಕೆರೆಯುತ್ತ ಓಡಿಬಂದು ಸೀರೆ ಹರಿಯುತ್ತಿತ್ತು. ಈಗ ನೀರಿನ ಹರಿವಿಯ ಪಕ್ಕ ಮಲಗಿದ್ದ ನಾಯಿ ತಲೆ ಕೂಡ ಎತ್ತಲಿಲ್ಲ. ಹತ್ತಿರ ಹೋಗಿ ಮುಟ್ಟಿದಾಗ ಗಾಬರಿಬಿದ್ದು ಎದ್ದು, ಕೈ ಮೂಸಿ, ಆಮೇಲೆ ಬಾಲ ಆಡಿಸಿತು. ಅಂಗಡಿಯವನು ಗಿರಾಕಿಯನ್ನು ನೋಡಿದ ಮೇಲೆ ನಗುವ ಹಾಗಿತ್ತು ಅದು. ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಆ ಗಳಿಗೆಯಲ್ಲಿ. ಬಾಳಪ್ಪ ಬದಲಾಯಿಸಿಬಿಟ್ಟಿದ್ದಾನೆ ಎಂದುಕೊಂಡೆ.

ಒಂದು ನೋಟುಬುಕ್ಕು ಮಾಡಿದೆ ಆಯಿ. ಉಗ್ರಾಣದಲ್ಲಿ ಇಡುತ್ತಿದ್ದೆನಲ್ಲ, ಅಂಥದ್ದೇ. ಮಲಗಿದ್ದಾಗ ಬೆನ್ನ ಹಿಂದಿನಿಂದ ಹುರಿಗಡಲೆ ಡಬ್ಬಿ ಅಲ್ಲಾಡಿಸಿದೆ, ಏಳಲಿಲ್ಲ, ಬರೆದುಕೊಂಡೆ. ಮೂಗಿನ ಮುಂದೆ ಇಟ್ಟರೆ ಮುಕ್ಕಿತು. ಯಾವ ನಾಯಿಯಾದರೂ ಮುಕ್ಕುತ್ತದೆ ಎಂದು ಬರೆದೆ. ಹಿತ್ತಾಳೆ ತಂಬಿಗೆ ಕೆಳಗೆ ಬೀಳಿಸಿದೆ, ಬೆದರಲಿಲ್ಲ. ಎಡಗಿವಿಯ ಮೇಲೆ ಹಳೆಯ ಗಾಯದ ಕಲೆ ಇದ್ದ ಜಾಗದಲ್ಲೇ ಇತ್ತು. ಇಷ್ಟೆಲ್ಲ ಮಾಡುವವರಿಗೆ ಒಂದು ಕಲೆ ಹಾಕುವುದೇನು ಮಹಾ ಎಂದು ಅದನ್ನೂ ಬರೆದೆ. ಮಧ್ಯಾಹ್ನ ನಾನು ಅಡ್ಡಾದಾಗ ಬಂದು ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗುತ್ತಿತ್ತು. ಹಳೆಯದೂ ಹಾಗೇ ಮಲಗುತ್ತಿತ್ತು, ಬಾಳಪ್ಪನೇ ಹೇಳಿಕೊಟ್ಟಿರಬೇಕು ಎಂದು ಚಪ್ಪಲಿಯನ್ನು ಗೂಟಕ್ಕೆ ನೇತುಹಾಕಿದೆ. ಅದು ಖಾಲಿ ನೆಲವನ್ನು ಮೂಸಿ ಅಲ್ಲೇ ಮಲಗಿತು.

ತೆರಪಿಗೆ ಅವರಿಬ್ಬರ ಜೊತೆ ಹೋಗುವುದನ್ನು ಬಿಟ್ಟೆ. ಇಪ್ಪತ್ತು ಹೆಜ್ಜೆ ಹಿಂದೆ ಉಳಿದು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತ ನಡೆದೆ. ಹೊಸ ಕಣ್ಣು, ಚೆನ್ನಾಗಿ ಕಾಣಿಸುತ್ತಿತ್ತು. ಆ ನಾಯಿ ಹತ್ತಡಿ ನಡೆಯುವುದು, ನಿಲ್ಲುವುದು, ಹಿಂದೆ ತಿರುಗಿ ನೋಡುವುದು. ಮತ್ತೆ ಹತ್ತಡಿ, ಮತ್ತೆ ನಿಲ್ಲುವುದು. ಬಾಳಪ್ಪ ಸಿಳ್ಳೆ ಹಾಕುತ್ತ ಅದರ ಜೊತೆ ತಾನೂ ನಿಲ್ಲುತ್ತಿದ್ದ. ನಮ್ಮ ಫುಟಾಣಿ ಹಾಗೆ ಎಂದೂ ನಿಂತದ್ದಿಲ್ಲ; ಕೆರೆ ಏರಿಯ ಹಾದಿ ಅದಕ್ಕೆ ಕಣ್ಣು ಕಟ್ಟಿದರೂ ಗೊತ್ತಿತ್ತು. "ಹಾದಿ ತಿಳಿಯದು. ನಿಂತು ನಿಂತು ಹಿಂದೆ ನೋಡುತ್ತದೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ ಅನಿಸಿತು.

ಬಾಳಪ್ಪ ಮೊದಮೊದಲು ನಗುತ್ತಿದ್ದ. "ಯಕ್ಕಾ, ನೀ ಜ್ವಾಳ ಆರಿಸಿದ್ದು ಸಾಕು. ಇದು ನಮ್ಮ ಫುಟಾಣಿನ ಐತಿ. ಸುಮ್ಮನ ಅದರ ಬಾಜೂಕ ಬಂದು ಕುಂದ್ರು" ಎನ್ನುತ್ತಿದ್ದ. ಬದಲಾಯಿಸಿದವನು ಹೇಳುವುದೂ ಅದನ್ನೇ ಅಲ್ಲವೇ? ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಅವನ ಟ್ರಂಕು ತೆಗೆದು ಮುಂದುವರಿಕೆಯ ಚೀಟಿಗಾಗಿ ತಡಕಾಡಿದೆ. ಸಿಕ್ಕಿದ್ದು ಅವನ ಹೆಂಡತಿಯ ಎರಡು ಕುಪ್ಪಸ, ನಿನ್ನ ಈ ಚಿತ್ರ. ತಲೆ ಎತ್ತಿದರೆ ಬಾಗಿಲಲ್ಲಿ ಒದ್ದೆ ಮೈಯಲ್ಲಿ ನಿಂತಿದ್ದ. ಬೈಯಲಿಲ್ಲ. "ನನ್ನೂ ಕಡದು ನೋಡ್ತೀಯೇನ ಯಕ್ಕಾ?" ಎಂದ. ಅಂದಿನಿಂದ ಹದಿನೈದು ದಿನ ನನ್ನ ತಟ್ಟೆ ಹಾಕಿಟ್ಟು, ತಾನು ನಾಯಿಯ ಪಕ್ಕ ಕೂತು ಉಂಡ. ನನಗೆ ನಾಚಿಕೆಯಾಯಿತು ಎಂದು ಬರೆಯಲು ಆಸೆ, ಆದರೆ ಸುಳ್ಳಾಗುತ್ತದೆ. ಸಿಕ್ಕಿಬಿದ್ದವನ ಮುನಿಸು ಎಂದುಕೊಂಡೆ.

ಹೀಗೆ ಆರೂವರೆ ತಿಂಗಳು ಹೋಯಿತು. ಈ ಉರಿಮಾಸದ ಹದಿನೆಂಟನೇ ದಿನ ಬೆಳಿಗ್ಗೆ, ತೆರಪಿಗೆ ಮೆಟ್ಟಿಲು ಹತ್ತುವಾಗ, ನಲವತ್ತೊಂದನೇ ಮೆಟ್ಟಿಲಲ್ಲಿ ಅದು ನಿಂತಿತು. ಯಾವತ್ತಿನ ಹಾಗೆ ಹಿಂದೆ ತಿರುಗಿತು. ಕೆಳಗಿದ್ದ ನನ್ನ ಕಡೆ ಮುಖ ಮಾಡಿ ಕೂತು, ಮುಂಗಾಲ ಮೇಲೆ ತಲೆ ಇಟ್ಟಿತು. ನಾನು ಹತ್ತಿ ಹೋಗಿ ತಲುಪುವಷ್ಟರಲ್ಲಿ ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ.

ಓಣಿಯ ಪಶುವೈದ್ಯೆ ಜುಲೇಖಾ ಬಂದಳು. ಎದೆಯ ಮೇಲೆ ಕೈ ಇಟ್ಟು, "ಜೀವ ಹೋಗೇತ್ರಿ" ಎಂದಳು. ಮುಂದುವರಿಕೆಯದಕ್ಕೆ ಸಾವಿಲ್ಲ ಎಂದು ಮೊದಲೇ ಹೇಳಿದೆನಲ್ಲ ಆಯಿ. ಸತ್ತಿತು, ಅಂದರೆ ಅದು ನಮ್ಮದೇ. ಮೊದಲಿನಿಂದಲೂ ನಮ್ಮದೇ. ಮೆಟ್ಟಿಲ ಮೇಲೇ ಕೂತೆ. "ಹಂಗಾದ್ರ ಕರದ್ರ ಯಾಕ ಬರತಿದ್ದಿಲ್ಲ?" ಎಂದು ಕೇಳಿದೆ. ಜುಲೇಖಾ ನನ್ನ ಮುಖವನ್ನೇ ನೋಡಿದಳು. "ಆ ಜ್ವರ ಬಂದ ನಾಯಿಗೆ ಕಿವಿ ಎರಡೂ ಹೋಗತಾವಲ್ರಿ. ಒಂದು ಸಪ್ಪಳಾನೂ ಕೇಳತಿದ್ದಿಲ್ಲ ಅದಕ್ಕ. ಮನ್ಯಾಗಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ?"

ಡಬ್ಬಿ, ತಂಬಿಗೆ, ಕೂಗು. ಮೂವತ್ತೊಂದು ವರ್ಷದ ಪರೀಕ್ಷಕಿ ಮಾಡಿದ್ದೆಲ್ಲ ಕಿವಿಯ ಪರೀಕ್ಷೆ! ಇವನಿಗಾದರೂ ಗೊತ್ತಿರಬೇಕಿತ್ತಲ್ಲ ಎಂದು ಬಾಳಪ್ಪನ ಮೇಲೆ ತಿರುಗಿಬಿದ್ದೆ. ಅವನು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. "ನಾ ಅದನ್ನ ಯಾವಾಗ ಕರದೇನಿ ಯಕ್ಕಾ? ಅದು ಯಾವಾಗಲೂ ನನ್ನ ಬಾಜೂಕ ಇರತಿತ್ತು" ಎಂದ.

ಮಣ್ಣು ಮಾಡಿ ಬಂದು ನೋಟುಬುಕ್ಕು ತೆಗೆದೆ. ಪುಟದ ಮೇಲೆ ಪುಟ, ಒಂದೊಂದು ಬೆಳಗಿಗೂ ನನ್ನದೇ ಅಕ್ಷರ: ನಿಂತಿತು, ಹಿಂದೆ ನೋಡಿತು. ನಿಂತಿತು, ಹಿಂದೆ ನೋಡಿತು. ಹಿಂದೆ ಯಾರಿದ್ದರು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಪೆನ್ಸಿಲ್ ಹಿಡಿದುಕೊಂಡು ನಾನಿದ್ದೆ. ಅದು ಹಾದಿ ಮರೆತಿರಲಿಲ್ಲ. ನಾನು ಬರಲಿ ಎಂದು ಕಾಯುತ್ತಿತ್ತು. ಎಷ್ಟೋ ಬೆಳಗು ಕಾಯಿತು, ಒಂದು ದಿನವೂ ನಾನು ಮುಂದೆ ಹೋಗಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಂಕಟವಾಯಿತು ಆಯಿ, ಇನ್ನೂ ಆಗುತ್ತಿದೆ.

ಇಷ್ಟಾದರೂ ಬುದ್ಧಿ ಬಂತು ಎಂದುಕೊಳ್ಳಬೇಡ. ಮುಂದುವರಿಕೆಯನ್ನು ಈಗ ಮನುಷ್ಯರಿಗೂ ಶುರುಮಾಡಿದ್ದಾರೆ ಎಂಬ ಗುಸುಗುಸು ಓಣಿಯಲ್ಲಿದೆ. ಬಾಳಪ್ಪ ಎದೆನೋವೆಂದು ಹೋದ ವಾರ ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ. ಬಂದ ಮೇಲೆ ಒಂದು ಸಲವೂ ಸಿಳ್ಳೆ ಹಾಕಿಲ್ಲ. ನಿನ್ನೆ ಚಹಾಕ್ಕೆ ಸಕ್ಕರೆ ಮರೆತ. ನಾನು ಲೋಟ ಹಿಡಿದುಕೊಂಡು ಅವನ ಕತ್ತಿನ ಹಿಂದೆ ಮಚ್ಚೆ ಇದೆಯೇ ಎಂದು ಬಗ್ಗಿ ನೋಡುತ್ತಿದ್ದೆ! ನನ್ನ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತಿತ್ತು. ಆಗ ನನಗೇ ನನ್ನ ಮೇಲೆ ಹೇಸಿಗೆಯಾಗಿ, ನೋಟುಬುಕ್ಕನ್ನು ಒಲೆಗೆ ಹಾಕಿ, ಆ ಸಪ್ಪೆ ಚಹಾವನ್ನು ಅವನ ಪಕ್ಕ ಕೂತು ಕುಡಿದೆ. ಅವನೂ ಕುಡಿದ. ಸಕ್ಕರೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ನಿನ್ನಲ್ಲಿ ಒಂದು ಬೇಡಿಕೆ ಇದೆ. ಚಿತ್ರದ ಹಿಂದೆ ನಿನ್ನ ಹೆಸರಿದೆ, ಊರಿದೆ, ತೆಗೆದವರ ಹೆಸರಿದೆ. ನಾಯಿಯ ಹೆಸರಿಲ್ಲ. ಯಾಕೆ ಬರೆಯಲಿಲ್ಲ? ಮರೆಯುವುದೆಲ್ಲಿ ಎಂದುಕೊಂಡೆಯೋ, ನಾಯಿ ತಾನೇ ಎಂದು ಬಿಟ್ಟೆಯೋ? ನನಗೆ ಎರಡನೆಯದರ ಅನುಮಾನವೇ ಜಾಸ್ತಿ, ಕ್ಷಮಿಸು. ಈ ಕಾಗದ ಕೈಗೆ ಬಂದ ದಿನವೇ ಚಿತ್ರ ತಿರುಗಿಸಿ ಅದರ ಹೆಸರು ಬರೆ. ಬರೆದು, ಪೆನ್ನು ಇಟ್ಟು, ಅದರ ಪಕ್ಕ ಹೋಗಿ ಕೂತುಕೋ. ಬರೆದೆಯೋ ಇಲ್ಲವೋ ಎಂದು ನಾನು ನಾಳೆ ಚಿತ್ರ ತೆಗೆದು ನೋಡುತ್ತೇನೆ. ಅಷ್ಟು ಪರೀಕ್ಷೆಗೆ ಮನ್ನಿಸಬೇಕು.

ತೆರಪಿನ ಗಂಟೆ ಹೊಡೆಯಿತು. ಬಾಳಪ್ಪ ಆಗಲೇ ಹತ್ತು ಮೆಟ್ಟಿಲು ಹತ್ತಿ ನಿಂತಿದ್ದಾನೆ. ಹಿಂದೆ ತಿರುಗಿ ನೋಡುತ್ತಿದ್ದಾನೆ. ಹೊರಡುತ್ತೇನೆ ಆಯಿ.

ನಿನ್ನ
ನೀಲಗಂಗವ್ವ