ಫಲಾನುಭವಿ ಎಂಬ ಪದ

ಫೆಬ್ರವರಿ ೧೯, ಬುಧವಾರ

ಒಂದು ಪದ ಬೆಳಗಿನಿಂದ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿದೆ: ಫಲಾನುಭವಿ. ಕಡಲಹುಲ್ಲು ನೆಡುವ ನಮ್ಮ ಯೋಜನೆಯ ವರದಿಯಲ್ಲಿ ನಿರ್ದೇಶಕರು ಮೀನುಗಾರರನ್ನೆಲ್ಲ ಹಾಗೆ ಕರೆದಿದ್ದಾರೆ. ಹುಲ್ಲು ಬೇರೂರಲೆಂದು ಎರಡು ವರ್ಷ ಕೊಲ್ಲಿಗೆ ಬಲೆ ಇಳಿಸದೆ ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡವರು ಫಲಾನುಭವಿಗಳಂತೆ! ಅದನ್ನು ತಿದ್ದದೆ ಟೈಪು ಮಾಡಿ ಕೊಟ್ಟವಳು ನಾನು.

ಮಧ್ಯಾಹ್ನ ಈ ಮಹಾನುಭಾವ ನಿರ್ದೇಶಕರು ನೆಡುವ ಜಾಗವನ್ನೇ ದೋಣಿಕಟ್ಟೆಯ ಪಕ್ಕಕ್ಕೆ ಬದಲಿಸಿದರು. ನಾಳೆ ಬರುವ ಅತಿಥಿಗಳಿಗೆ ಕಾಣಬೇಕಂತೆ. ಹುಲ್ಲು ಎಲ್ಲಿ ಬದುಕುತ್ತದೆಂದು ನಮಗೆ ತೋರಿಸಿಕೊಟ್ಟ ಬಲೆಯಜ್ಜ ತಡೆಯಲು ನೋಡಿದರು.

"ಅಲ್ಲಿ ದಿನಾ ಲಂಗರು ಹಾಕ್ತೀವಿ ಸ್ವಾಮಿ. ಬೇರು ಸಮೇತ ಕಿತ್ಕೊಂಡು ಬರುತ್ತೆ."

"ಅದನ್ನೆಲ್ಲ ಓದಿದವರು ನೋಡ್ಕೋತಾರೆ ಅಜ್ಜ. ನೀವು ಬಂದು ಫೋಟೋಕ್ಕೆ ನಿಂತ್ಕೊಳ್ಳಿ," ಎನ್ನುತ್ತಾ ನಿರ್ದೇಶಕರು ತಾವೂ ಒಂದು ಸಸಿ ಹಿಡಿದರು.

ಅಜ್ಜನ ಸೊಸೆ ಕಿಸಕ್ಕನೆ ನಕ್ಕಳು. "ಓದಿದೋರ ಕೈಲಿ ಬೇರು ಆಕಾಶ ನೋಡ್ತಿದೆ, ನೋಡಿ ಮಾವ!"

ಎಲ್ಲರೂ ನಕ್ಕರು, ಅಜ್ಜ ನಗಲಿಲ್ಲ. ನನ್ನ ಕಡೆ ತಿರುಗಿ, "ಈ ಸಲ ಹುಲ್ಲು ಸತ್ರೆ ನಮ್ಮೋರು ಮತ್ತೆ ಬಲೆ ಇಳಿಸ್ತಾರೆ, ನನ್ನ ಮಾತು ಕೇಳಲ್ಲ. ನೀನಾದ್ರೂ ಹೇಳು ಮಗಳೇ," ಎಂದರು.

ನಾನು ಕನ್ನಡಕ ಒರೆಸಿಕೊಂಡೆ. ಕವಿತೆ ಓದಿ ಓದಿ ಮಾತಿನ ತೂಕ ಬಲ್ಲೆನೆಂದು ಬೀಗುವವಳು ಮಾಡಿದ್ದು ಅಷ್ಟೇ. ಥೂ. ಅಲ್ಲಿ ಹುಲ್ಲು ಬದುಕದೆಂದು ನಿರ್ದೇಶಕರಿಗಾದರೂ ತಿಳಿಯದು. ನನಗೆ ತಿಳಿದಿತ್ತು.

ನಾಳೆ ಎಂಟಕ್ಕೆ ಸಸಿ ಹೊತ್ತ ದೋಣಿ ಹೊರಡುತ್ತದೆ. ಏಳಕ್ಕೇ ಹೋಗಿ, ಹಳೆಯ ಜಾಗಕ್ಕೇ ದೋಣಿ ಬಿಡಿ ಎಂದು ಅಜ್ಜನಿಗೆ ಹೇಳಬೇಕು. ನಿರ್ದೇಶಕರು ಹೇಗೂ ಹತ್ತಕ್ಕೆ ಮುಂಚೆ ಏಳುವ ಪೈಕಿಯಲ್ಲ. ಎದ್ದು ಬಂದು ಕೇಳಿದರೆ, ನಾನೇ ಹೇಳಿದ್ದು ಎಂದು ಒಪ್ಪಿಕೊಳ್ಳುತ್ತೇನೆ.